ಹಳೆಯ ಗೃಹವಸ್ತುಗಳಿಗೆ ಹೊಸ ಮೌಲ್ಯ: ಅಲಂಕಾರೋದ್ಯಮದ ಅವಕಾಶಗಳು ಮತ್ತು ಎಚ್ಚರಿಕೆಗಳು

ಹಳೆಯ ತೊಟ್ಟಿಮನೆಯೊಂದನ್ನು ಕೆಡವಿದಾಗ ಅದರ ಬಾಗಿಲು, ಕಿಟಕಿ, ಕಂಬ, ಬೋದಿಗೆಗಳು ಬಹುಕಾಲ ಸೌದೆಯ ಬೆಲೆಗೇ ಮಾರಾಟವಾಗುತ್ತಿದ್ದವು. ಅಟ್ಟದ ಮೇಲಿನ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳು ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿಯನ್ನು ಸೇರುತ್ತಿದ್ದವು. ಇಂದು ಅವೇ ವಸ್ತುಗಳು ಮೇಜು, ಕನ್ನಡಿಯ ಚೌಕಟ್ಟು, ದೀಪಸ್ತಂಭ, ಹೂಕುಂಡಗಳ ರೂಪ ತಾಳಿ ಮನೆ, ಹೋಟೆಲು ಹಾಗೂ ಹೋಂಸ್ಟೇಗಳನ್ನು ಅಲಂಕರಿಸುತ್ತಿವೆ. ವಸ್ತುವನ್ನು ಕರಗಿಸಿ ಅಥವಾ ಪುಡಿಮಾಡಿ ಕಚ್ಚಾವಸ್ತುವಾಗಿಸುವ ಮರುಬಳಕೆಗಿಂತ ಇದು ಭಿನ್ನವಾದುದು. ವಸ್ತುವಿನ ಮೂಲರೂಪವನ್ನು ಉಳಿಸಿಕೊಂಡು ಅದರ ಮೌಲ್ಯವನ್ನು ಹೆಚ್ಚಿಸುವ ಈ ವಿಧಾನಕ್ಕೆ ‘ಅಪ್‌ಸೈಕ್ಲಿಂಗ್’ ಎಂಬ ಹೆಸರಿದೆ. ಅಲ್ಪ ಬಂಡವಾಳದಲ್ಲಿ ಆರಂಭಿಸಬಹುದಾದ ಈ ಉದ್ಯಮದಲ್ಲಿ ಲಾಭದಷ್ಟೇ ತೊಡಕುಗಳೂ ಇವೆ ಎಂಬುದನ್ನು ಉದ್ಯಮಿಗಳು ಗಮನಿಸಬೇಕು.

ಯಾವ ವಸ್ತು, ಯಾವ ರೂಪ?

ಮರದ ಸಾಮಗ್ರಿಗಳಿಗೆ ಇಲ್ಲಿ ಅಗ್ರಸ್ಥಾನ. ಹಳೆಯ ಸಾಗುವಾನಿ, ಹೊನ್ನೆ, ಹಲಸಿನ ಮರಗಳು ದಶಕಗಳ ಕಾಲ ಒಣಗಿ ಹದಗೊಂಡಿರುವುದರಿಂದ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಬಾಗಿಲಿನ ಮೇಲೆ ಗಾಜು ಹೊದಿಸಿದರೆ ಊಟದ ಮೇಜಾಗುತ್ತದೆ. ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸಬಹುದು. ಆದರೆ ಖರೀದಿಗೆ ಮುನ್ನ ಗೆದ್ದಲು ಹಾಗೂ ಕೊರೆಹುಳುವಿನ ಗುರುತುಗಳನ್ನು ಪರೀಕ್ಷಿಸಬೇಕು. ಒಳಗೆ ಅಡಗಿರುವ ಮೊಳೆಗಳನ್ನು ತೆಗೆಯದೆ ಕೊಯ್ದರೆ ಗರಗಸದ ಅಲಗು ಹಾಳಾಗುತ್ತದೆ.

ತಾಮ್ರ, ಹಿತ್ತಾಳೆಯ ಪಾತ್ರೆಗಳ ಕಿಲುಬನ್ನು ಹುಣಸೆಹಣ್ಣಿನ ಆಮ್ಲವೇ ತೆಗೆಯಬಲ್ಲದು. ಲೋಹದ ಪಾತ್ರೆಯನ್ನು ವಿದ್ಯುದ್ದೀಪವಾಗಿ ಪರಿವರ್ತಿಸುವಾಗ ಲೋಹದ ಮೈಗೆ ಅರ್ಥಿಂಗ್ ತಂತಿ ಜೋಡಿಸುವುದು ಅತ್ಯಗತ್ಯ.

ಬಟ್ಟೆಯ ವಿಷಯದಲ್ಲಿ ಕನ್ನಡ ನಾಡಿಗೆ ತನ್ನದೇ ಪರಂಪರೆಯಿದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿಯು ಉತ್ತರ ಕರ್ನಾಟಕದ ಮನೆಮನೆಯ ಕಲೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳೂ ಪ್ರಸಿದ್ಧವಾಗಿವೆ. ಹಾಸಿಗೆಯಿಂದ ಗೋಡೆಗೇರಿದ ಕೌದಿಗೆ ಇಂದು ಅಲಂಕಾರ ವಸ್ತುವಿನ ಮನ್ನಣೆ ದೊರೆತಿದೆ. ಹತ್ತಿ ಮತ್ತು ಕೃತಕ ನೂಲಿನ ಬಟ್ಟೆಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ, ಹೊಲಿಯುವ ಮೊದಲೇ ಒಗೆದು ವಿಂಗಡಿಸುವುದು ಲೇಸು.

ಹಳೆಯ ಬಣ್ಣದ ಅಪಾಯ

ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವು 2016ರಲ್ಲಿ ರೂಪುಗೊಂಡು 2017ರ ನವೆಂಬರ್‌ನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಬಳಿದ ಎನಾಮೆಲ್ ಬಣ್ಣದಲ್ಲಿ ಸೀಸವಿರಬಹುದೆಂದೇ ಭಾವಿಸಿ ನಡೆಯುವುದು ಕ್ಷೇಮ. ಅಂತಹ ಬಣ್ಣವನ್ನು ಸುಟ್ಟು ತೆಗೆಯಬಾರದು. ಒಣಗಿದ ಸ್ಥಿತಿಯಲ್ಲಿ ಉಜ್ಜಲೂಬಾರದು. ನೀರು ಹಚ್ಚಿ ಉಜ್ಜುವುದು, ಕೆಲಸಗಾರರಿಗೆ ಸೂಕ್ತ ಮುಖಗವಸು ಒದಗಿಸುವುದು, ಕಸವನ್ನು ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡುವುದು ಮಾಲೀಕರ ಹೊಣೆ.

ತೆರಿಗೆಯ ಲೆಕ್ಕಾಚಾರ

ಅನೇಕರು ಎಡವುವುದು ಇಲ್ಲಿಯೇ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೆಯ ನಿಯಮದ ಪ್ರಕಾರ, ಬಳಸಿದ ವಸ್ತುಗಳ ವ್ಯಾಪಾರಿಯು ಖರೀದಿ ಮತ್ತು ಮಾರಾಟದ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ತೆರಬಹುದು. ಆದರೆ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು. ವಸ್ತುವನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರಿರಬೇಕು.

ಉದಾಹರಣೆಗೆ, 6,000 ರೂಪಾಯಿಗೆ ಕೊಂಡ ಬಾಗಿಲನ್ನು ತೊಳೆದು ಪಾಲಿಶ್ ಮಾಡಿ 10,000 ರೂಪಾಯಿಗೆ ಬಾಗಿಲಾಗಿಯೇ ಮಾರಿದರೆ 4,000 ರೂಪಾಯಿಗೆ ಮಾತ್ರ ತೆರಿಗೆ ಅನ್ವಯಿಸುತ್ತದೆ. ಅದೇ ಬಾಗಿಲು ಮೇಜಾಗಿ 20,000 ರೂಪಾಯಿಗೆ ಮಾರಾಟವಾದರೆ ವಸ್ತುವಿನ ಸ್ವರೂಪವೇ ಬದಲಾದ ಕಾರಣ, ಈ ರಿಯಾಯಿತಿಯನ್ನು ನೆಚ್ಚಿಕೊಳ್ಳದೆ ಪೂರ್ಣ ಮೊತ್ತಕ್ಕೆ ತೆರಿಗೆ ಲೆಕ್ಕ ಹಾಕಿಯೇ ಬೆಲೆ ನಿಗದಿಪಡಿಸಬೇಕು. ಸಂದೇಹವಿದ್ದಲ್ಲಿ ತೆರಿಗೆ ಸಲಹೆಗಾರರ ಅಭಿಪ್ರಾಯ ಪಡೆಯುವುದು ಒಳಿತು.

ಪುರಾತನ ವಸ್ತುಗಳ ಕಾನೂನು

1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ವ್ಯಾಖ್ಯೆಯಲ್ಲಿ, ನೂರು ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ಕರಕುಶಲ ಕೃತಿಗಳಷ್ಟೇ ಅಲ್ಲದೆ ಕಟ್ಟಡದಿಂದ ಬೇರ್ಪಡಿಸಿದ ವಸ್ತುಗಳೂ ಸೇರಿವೆ. ಆದುದರಿಂದ ಕೆತ್ತನೆಯ ಕಂಬ, ದ್ವಾರಬಂಧಗಳ ವಯಸ್ಸು ತಿಳಿಯದೆ ವ್ಯಾಪಾರ ಮಾಡುವಂತಿಲ್ಲ. ಪ್ರಾಚೀನ ವಸ್ತುಗಳ ಮಾರಾಟಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ರಫ್ತು ಮಾಡುವುದು ನಿಷಿದ್ಧ. ಹೊರದೇಶದ ಬೇಡಿಕೆ ಬಂದಾಗ, ವಸ್ತುವು ಪ್ರಾಚೀನವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದ ನಂತರವೇ ಮುಂಗಡ ಸ್ವೀಕರಿಸುವುದು ಜಾಣತನ.

ಮಾರಿದವರ ಹೆಸರು, ವಿಳಾಸ, ದಿನಾಂಕ, ಸಹಿಯುಳ್ಳ ರಸೀದಿಯನ್ನೂ ವಸ್ತುವಿನ ಛಾಯಾಚಿತ್ರವನ್ನೂ ಕಾಪಾಡಬೇಕು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ. ದೇವಾಲಯದ ಸಾಮಗ್ರಿಯೆಂಬ ಅನುಮಾನ ಬಂದರೆ ಅದನ್ನು ಕೊಳ್ಳದಿರುವುದೇ ಸರಿ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಪುನಃ ನಿಲ್ಲಿಸಲಾಗಿದೆ. ಎಲ್ಲ ಮನೆಗಳನ್ನೂ ಹಾಗೆ ಉಳಿಸಲಾಗದು. ಆದರೆ ಕೆಡವಿದ ಮನೆಯ ಒಂದು ಬಾಗಿಲು ಸೌದೆಯಾಗುವ ಬದಲು ಬಡಗಿಗೆ ಕೆಲಸವನ್ನೂ ವ್ಯಾಪಾರಿಗೆ ನ್ಯಾಯವಾದ ಲಾಭವನ್ನೂ ತರಬಲ್ಲದು. ಕಾನೂನಿನ ಚೌಕಟ್ಟನ್ನು ಅರಿತು ನಡೆಯುವವರಿಗೆ ಈ ಕ್ಷೇತ್ರ ತೆರೆದಿದೆ.