ಕುಂಚದ ಅಕ್ಷರ: ಎಲ್ಲಿ ಚೆಂದ, ಎಲ್ಲಿ ತೊಂದರೆ?

ಹಪ್ಪಳದ ಪೊಟ್ಟಣ, ಸೀಮಂತದ ಆಹ್ವಾನ ಪತ್ರಿಕೆ, ಸೀರೆ ಅಂಗಡಿಯ ಚೀಲ - ಈಗ ಎಲ್ಲಿ ನೋಡಿದರೂ ಕುಂಚದಲ್ಲಿ ಬರೆದಂಥ ಅಕ್ಷರಗಳು. ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು. ಬಣ್ಣ ಮುಗಿಯುತ್ತಾ ಬಂದಲ್ಲಿ ಕುಂಚದ ಕೂದಲಿನ ಗೀರುಗಳು. ಕೈಬರಹವೇ ಇರಬೇಕು ಅಂತೀರಾ? ಹೆಚ್ಚಿನವು ಕಂಪ್ಯೂಟರಿನ ಅಚ್ಚಕ್ಷರಗಳು, ಅಂದರೆ ಫಾಂಟುಗಳು.

ಈ ಆಸೆ ಹೊಸದೇನಲ್ಲ. 1942ರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್ 'ಬ್ರಷ್ ಸ್ಕ್ರಿಪ್ಟ್' ಎಂಬ ಅಚ್ಚಕ್ಷರ ರೂಪಿಸಿದರು. 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕೊಫಾನ್ ತಮ್ಮ ಕೈಬರಹವನ್ನೇ ಆಧರಿಸಿ 'ಮಿಸ್ಟ್ರಲ್' ಮಾಡಿದರು. ಸೀಸದ ಮೊಳೆಗಳು ಬಿಡಿಬಿಡಿಯಾಗಿದ್ದರೂ ಅಚ್ಚಾದಾಗ ಅಕ್ಷರಗಳು ಕೈ ಕೈ ಹಿಡಿದಂತೆ ಕೂಡಿಕೊಳ್ಳುತ್ತಿದ್ದವು!

ಈಗ ಒರಟು ಕಾಗದದ ಮೇಲೆ ಅರೆ ಒಣಗಿದ ಕುಂಚದಿಂದ ಬರೆದು, ಸ್ಕ್ಯಾನ್ ಮಾಡಿ ಫಾಂಟು ತಯಾರಿಸುತ್ತಾರೆ. ಒಂದೇ ಅಕ್ಷರ ಎರಡು ಸಲ ಬಂದಾಗ ಗೀರೂ ಒಂದೇ ಥರ ಇದ್ದರೆ ಗುಟ್ಟು ರಟ್ಟಾಗುತ್ತದಲ್ಲ! ಅದಕ್ಕೇ ಜಾಣರು ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಇಟ್ಟಿರುತ್ತಾರೆ.

ನಮ್ಮ ಕನ್ನಡದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ದ-ಧ, ಬ-ಭಗಳಿಗೆ ವ್ಯತ್ಯಾಸ ಅಡಿಯಲ್ಲಿನ ಸಣ್ಣ ಸೀಳು. ಪ-ಷಗಳಿಗೆ ಒಳಗಿನ ಒಂದು ಗೆರೆ. ಕುಂಚದ ಗೀರಿನಲ್ಲಿ ಆ ಸೀಳು ಮುಚ್ಚಿಹೋದರೆ 'ಧನಲಕ್ಷ್ಮಿ ಹಪ್ಪಳ' ಹೋಗಿ 'ದನಲಕ್ಷ್ಮಿ ಹಪ್ಪಳ' ಆದೀತು! ಸಣ್ಣ ಅಳತೆಯಲ್ಲಂತೂ ಒತ್ತಕ್ಷರ ಮಸಿಯ ಮುದ್ದೆಯಂತೆ ಕಾಣುತ್ತದೆ.

ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಸೋದರಿಯರು ಇಷ್ಟು ನೆನಪಿಡಿ:

* ಸರಕಿನ ಹೆಸರು ಮಾತ್ರ ಕುಂಚದ ಅಕ್ಷರದಲ್ಲಿ, ದೊಡ್ಡದಾಗಿ ಇರಲಿ. ಹಾಕಿದ ಪದಾರ್ಥ, ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನ ಬಳಸಬಹುದು - ಇವೆಲ್ಲ ಸಾದಾ ಅಕ್ಷರದಲ್ಲಿರಲಿ. ಶೇಂಗಾ ಒಗ್ಗದ ಮಗುವಿನ ತಾಯಿ ಮೊದಲು ಹುಡುಕುವುದು ಆ ಸಣ್ಣ ಸಾಲನ್ನೇ. ಅದು ಓದಲು ಬಾರದಿದ್ದರೆ ಚೆಂದ ಕಟ್ಟಿಕೊಂಡು ಏನು ಮಾಡೋಣ?

* ಮದುವೆ ಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಇದು ಒಪ್ಪುತ್ತದೆ. ಮುಹೂರ್ತ ಮತ್ತು ಛತ್ರದ ವಿಳಾಸಕ್ಕೆ ಬೇಡ.

* ಅಚ್ಚಿಗೆ ಕೊಡುವ ಮುಂಚೆ ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆಸಿ, ಮೊಳ ದೂರ ಹಿಡಿದು ಓದಿ. ಮನೆಯ ಹಿರಿಯರಿಗೂ ತೋರಿಸಿ. ಫೋನಿನಲ್ಲಿ ಹಿಗ್ಗಿಸಿ ನೋಡಿದರೆ ಸಾಲದು.

* 'ಸ್ವಂತ ಬಳಕೆಗೆ ಮಾತ್ರ ಉಚಿತ' ಎಂದಿರುವ ಫಾಂಟನ್ನು ಮಾರುವ ಸರಕಿಗೆ ಬಳಸುವಂತಿಲ್ಲ. ಪರವಾನಗಿ ಪಡೆಯಿರಿ.

ಇನ್ನೊಂದು ಸುಲಭ ದಾರಿಯೂ ಇದೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವ ಪೇಂಟರುಗಳಿಗೆ ಕೆಲಸ ಕಡಿಮೆಯಾಗಿದೆ. ದೆಹಲಿಯ ದಿವಂಗತ ಹನೀಫ್ ಕುರೇಶಿ ಅಂಥ ಪೇಂಟರುಗಳ ಬರಹವನ್ನು ಫಾಂಟುಗಳಾಗಿ ಉಳಿಸುವ ಕೆಲಸ ಮಾಡಿದ್ದರು. ನೀವೂ ನಿಮ್ಮೂರಿನ ಪೇಂಟರಿಂದ ಬಿಳಿ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ ಸರಕಿನ ಹೆಸರು ಬರೆಸಿ, ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಪೊಟ್ಟಣಕ್ಕೂ ಆಯಿತು, ಚೀಲಕ್ಕೂ ಆಯಿತು. ಧ ಮತ್ತು ದ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತು. ಚೌಕಾಸಿ ಮಾಡದೆ ಕೈಗೆ ತಕ್ಕ ಹಣ ಕೊಡಿ, ಅಷ್ಟೆ.