ಎಂಜಿನ್ ಹುಡುಕಿಕೊಂಡು ಹೋದ ಮರುತ್

ಬೆಂಗಳೂರಿನ ನಮ್ಮ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಊರಿನ ದಕ್ಷಿಣಕ್ಕೆ ಬಡಾವಣೆಯ ಗೂಟ ಹೊಡೆಯುತ್ತಿದ್ದ ಆ ವರ್ಷವೇ ಊರಿನ ಪೂರ್ವಕ್ಕೆ, ವಿಮಾನ ಕಾರ್ಖಾನೆ ಎಚ್‌ಎಎಲ್ ರನ್‌ವೇ ಮೇಲೆ, ಗುಜರಿ ಸೇರಬೇಕಿದ್ದ ವಿಮಾನಗಳು ಒಂದೊಂದಾಗಿ ಬಂದು ಇಳಿಯತೊಡಗಿದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಬ್ರಿಟಿಷ್ ವಾಯುಪಡೆಗೆ ಎರವಲು ಕೊಟ್ಟಿದ್ದ ಲಿಬರೇಟರ್ ಬಾಂಬರ್‌ಗಳು ಅವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವನ್ನು ಕಾನ್ಪುರದಲ್ಲಿ ಬಿಟ್ಟರು, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟರು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ರಿಪೇರಿ ಮಾಡಿಕೊಂಡರು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಹಾರಿಸಿಕೊಂಡು ಬಂದರು. ಒಂದಲ್ಲ ಎರಡಲ್ಲ, 40ಕ್ಕೂ ಹೆಚ್ಚು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ದಳ ಹುಟ್ಟಿದ್ದು ಆ ತಿಪ್ಪೆಯಿಂದ.

ಜಯನಗರ, ಬನಶಂಕರಿ, ಜೆ.ಪಿ. ನಗರದ ಹಳೆಯ ಬೀದಿಗಳಲ್ಲಿ ಎಚ್‌ಎಎಲ್ ಫ್ಯಾಕ್ಟರಿ ಬಸ್ಸು ಹಿಡಿದು ಮೂವತ್ತು ವರ್ಷ ದುಡಿದ ಹಿರಿಯರು ಇನ್ನೂ ಇದ್ದಾರೆ. ಅವರ ಎದುರು ಮರುತ್ ಅಂದು ನೋಡಿ, ದನಿಯೇ ಬದಲಾಗುತ್ತದೆ. ಹೆಮ್ಮೆ ಎಷ್ಟಿರುತ್ತದೋ ನೋವೂ ಅಷ್ಟೇ ಇರುತ್ತದೆ. ಅದು ಏಕೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

1954ರಲ್ಲಿ ಅಮೆರಿಕ ಮತ್ತು ಪಾಕಿಸ್ತಾನ ಸೇನಾ ನೆರವಿನ ಒಪ್ಪಂದ ಮಾಡಿಕೊಂಡವು. ಮರುವರ್ಷ ಪಾಕಿಸ್ತಾನ ಬಾಗ್ದಾದ್ ಒಪ್ಪಂದವನ್ನೂ ಸೇರಿತು. ನೆಹರೂ ಯಾವ ಬಣಕ್ಕೂ ಸೇರುವುದಿಲ್ಲ ಎಂದರು. ಬಣ ಸೇರದವನಿಗೆ ಪುಕ್ಕಟೆ ಶಸ್ತ್ರ ಬರುವುದಿಲ್ಲ, ದುಡ್ಡು ಕೊಟ್ಟು ಕೊಳ್ಳಬೇಕು, ಇಲ್ಲವೇ ಮಾಡಿಕೊಳ್ಳಬೇಕು. ಬ್ರಿಟನ್ನಿನಿಂದ ಹಂಟರ್, ಕ್ಯಾನ್‌ಬೆರಾ, ಫ್ರಾನ್ಸಿನಿಂದ ಮಿಸ್ಟೇರ್ ಕೊಂಡದ್ದಾಯಿತು. ಅದರ ಜೊತೆಗೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಫೈಟರ್ ಒಂದನ್ನು ಇಲ್ಲೇ, ಬೆಂಗಳೂರಿನಲ್ಲೇ, ಮಾಡುವುದೆಂದು ತೀರ್ಮಾನವಾಯಿತು. ಅದೇ ಮರುತ್. ಎಚ್‌ಎಎಲ್ ಅಷ್ಟರಲ್ಲಿ ಸ್ವಂತವಾಗಿ ಹಾರಿಸಿದ್ದು ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನವನ್ನು, ಅದೂ 1951ರಲ್ಲಿ. ಪ್ರೊಪೆಲ್ಲರ್ ತಿರುಗಿಸಿ ಹಾರುವ ಆ ವಿಮಾನದಿಂದ ನೇರ ಸೂಪರ್‌ಸಾನಿಕ್ ಜೆಟ್‌ಗೆ ಜಿಗಿತ!

ಅದಕ್ಕೆ ಬಂದವರು ಕುರ್ಟ್ ಟ್ಯಾಂಕ್. ಜರ್ಮನಿಯ ಫೋಕೆ-ವುಲ್ಫ್ 190 ಫೈಟರ್ ರೂಪಿಸಿದವರು. ಜರ್ಮನಿ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಪೆರೋನ್ ಸರ್ಕಾರಕ್ಕೆ ಜೆಟ್ ಮಾಡಿಕೊಟ್ಟಿದ್ದರು. 1955ರಲ್ಲಿ ಪೆರೋನ್ ಪದಚ್ಯುತರಾದರು, 1956ರಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ಜೊತೆ ಕೆಲಸ ಮಾಡಿದ ಜರ್ಮನ್ ಎಂಜಿನಿಯರ್‌ಗಳು 18 ಜನ. ಉಳಿದವರೆಲ್ಲ ನಮ್ಮವರು, ಹೆಚ್ಚಿನವರಿಗೆ ಫೈಟರ್ ವಿನ್ಯಾಸ ಮಾಡಿ ಗೊತ್ತಿರಲಿಲ್ಲ.

ಈ ಕತೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಮರದ ವಿಮಾನದ ಪ್ರಸಂಗ. ಹೊಸ ಆಕಾರದ ರೆಕ್ಕೆ ಹಾರಾಟದಲ್ಲಿ ಹೇಗೆ ವರ್ತಿಸುತ್ತದೆಂದು ನೋಡಬೇಕು, ಆದರೆ ಲೋಹದ ವಿಮಾನ ಸಿದ್ಧವಾಗಲು ಇನ್ನೂ ವರ್ಷಗಳು ಬೇಕು. ಹಾಗಾಗಿ ಮರುತ್‌ನ ಅಳತೆಯಲ್ಲೇ, ಒಂದಿಂಚೂ ಕಡಿಮೆಯಿಲ್ಲದೆ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿದರು. ಎಕ್ಸ್-241 ಎಂದು ಅದರ ಹೆಸರು. ಇಬ್ಬರು ಕೂರಬಹುದಿತ್ತು. ಒಳಮಡಚುವ ಚಕ್ರ, ಫ್ಲಾಪ್, ಏರ್‌ಬ್ರೇಕ್ ಎಲ್ಲ ಇದ್ದವು. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿದ್ದರು. ಹಗ್ಗ ಬಿಚ್ಚಿದ ಮೇಲೆ ಪೈಲಟ್‌ನ ಕೈಯಲ್ಲಿ ಶಬ್ದವೇ ಇಲ್ಲದ ಫೈಟರ್, ಕೆಳಗೆ ಬೆಂಗಳೂರಿನ ಕೆರೆಗಳು. ಹೀಗೆ ಹತ್ತಾರು ಬಾರಿ ಹಾರಿಸಿ ರೆಕ್ಕೆಯ ಗುಣ ತಿಳಿದುಕೊಂಡರು. ಬಡತನದಲ್ಲಿ ಹೊಳೆದ ಉಪಾಯವೇ ಇರಬಹುದು, ಆದರೆ ಎಂಥ ಕರಾರುವಾಕ್ಕಾದ ಉಪಾಯ! ನಿಜವಾದ ಮರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲ ಸಲ ಹಾರಿದಾಗ ಮೈಕಟ್ಟಿನ ಬಗ್ಗೆ ಯಾರಿಗೂ ದೂರಿರಲಿಲ್ಲ.

ತೊಂದರೆ ಇದ್ದದ್ದು ಎಂಜಿನ್ನಿನಲ್ಲಿ. ಟ್ಯಾಂಕ್ ಈ ವಿಮಾನವನ್ನು ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಓರ್ಫಿಯಸ್ 12 ಎಂಬ ಎಂಜಿನ್ ನಂಬಿಕೊಂಡು. ಅದು 8,000 ಪೌಂಡ್‌ಗೂ ಮೀರಿ ನೂಕುವಂಥದ್ದು. ಆದರೆ ಅದರ ಅಭಿವೃದ್ಧಿಗೆ ಹಣ ಬರುತ್ತಿದ್ದದ್ದು ಅಮೆರಿಕದಿಂದ, ನ್ಯಾಟೋ ದೇಶಗಳ ಹಗುರ ಫೈಟರ್‌ಗಾಗಿ. ನ್ಯಾಟೋಗೆ ಅದು ಬೇಡವಾಯಿತು, ಹಣ ನಿಂತಿತು. ಮುಂದುವರಿಸಬೇಕಾದರೆ ಖರ್ಚು ಭಾರತವೇ ಕೊಡಲಿ ಎಂದಿತು ಬ್ರಿಟನ್. ದೆಹಲಿ ಒಪ್ಪಲಿಲ್ಲ. 1957-58ರಲ್ಲಿ ವಿದೇಶಿ ವಿನಿಮಯ ತಳ ಮುಟ್ಟಿತ್ತು, ಅಮೆರಿಕದ ಪಿಎಲ್-480 ನೆರವಿನ ಗೋಧಿ ಹಡಗಿನಲ್ಲಿ ಬರುತ್ತಿದ್ದ ಕಾಲ ಅದು. ಎಲ್ಲ ಗೊತ್ತಿದ್ದೂ ಹೇಳುತ್ತೇನೆ, ಆ ಹಣ ಕೊಡಬೇಕಿತ್ತು. ಉಳಿದ ಎಲ್ಲವನ್ನೂ ಮಾಡಿಮುಗಿಸಿದ ಕೈಗಳು ಬೆಂಗಳೂರಿನಲ್ಲಿದ್ದವು.

ಕೊನೆಗೆ ಕೂರಿಸಿದ್ದು ನ್ಯಾಟ್ ಎಂಬ ಪುಟ್ಟ ಫೈಟರ್‌ನ ಎಂಜಿನ್ನಿನ ಸೋದರ, ಓರ್ಫಿಯಸ್ 703. ಎರಡು ಎಂಜಿನ್, ಒಂದೊಂದೂ 4,850 ಪೌಂಡ್, ನೂಕುಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಇಲ್ಲ. ಶಬ್ದದ ಎರಡು ಪಟ್ಟು ಓಡಬೇಕಾದ ಮೈ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ದಾಟಲಾರದೆ ಉಳಿಯಿತು. ಸೋವಿಯತ್ ಎಂಜಿನ್‌ಗಳನ್ನೂ ನೋಡಿದರು, ಹೊಂದಲಿಲ್ಲ. ಅಷ್ಟರಲ್ಲಿ ಪಾಕಿಸ್ತಾನಕ್ಕೆ ಅಮೆರಿಕದ ಎಫ್-104 ಬಂತು. ಅದಕ್ಕೆ ಎದುರಾಗಿ 1962ರಲ್ಲಿ ಭಾರತ ಸೋವಿಯತ್ ಮಿಗ್-21 ಒಪ್ಪಿಕೊಂಡಿತು, ಅದರ ಕಾರ್ಖಾನೆಗಳು ನಾಸಿಕ್, ಕೊರಾಪುಟ್, ಹೈದರಾಬಾದಿಗೆ ಹೋದವು. ಸಿದ್ಧ ವಿಮಾನ ಕೈಗೆ ಬಂದ ಮೇಲೆ ಮರುತ್‌ಗೆ ಎಂಜಿನ್ ಬೇಕೆಂಬ ಅವಸರ ದೆಹಲಿಯಲ್ಲಿ ಎಷ್ಟು ಉಳಿದೀತು?

ಆಗ ಉಳಿದ ದಾರಿ ಈಜಿಪ್ಟ್. ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿ, 1956ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ದಾಳಿ ಎದುರಿಸಿದ್ದ ಅಲ್ಲಿನ ಅಧ್ಯಕ್ಷ ನಾಸೆರ್ ಕೂಡ ಸ್ವಂತ ಫೈಟರ್ ಮಾಡಹೊರಟಿದ್ದರು. ಅವರಿಗೆ ಎಚ್‌ಎ-300 ಎಂಬ ವಿಮಾನ ರೂಪಿಸಿದ್ದು ವಿಲ್ಲಿ ಮೆಸರ್‌ಸ್ಮಿಟ್. ಎಂಜಿನ್ ಮಾಡುತ್ತಿದ್ದವರು ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್. ಯುದ್ಧದ ನಂತರ ಸೋವಿಯತ್ ಸೆರೆಯಲ್ಲಿದ್ದು ಸೋವಿಯತ್‌ನವರಿಗೂ ಎಂಜಿನ್ ಮಾಡಿಕೊಟ್ಟು ಬಂದವರು. ಅವರ ಇ-300 ಎಂಜಿನ್ ಮರುತ್‌ಗೂ ಆಗುತ್ತದೆಂದು ಲೆಕ್ಕ. ಭಾರತ ಹಣದಲ್ಲಿ ಪಾಲು ಕೊಟ್ಟಿತು, ಜನರನ್ನೂ ಕಳಿಸಿತು. 1964ರ ಮಾರ್ಚ್ 7ರಂದು ಕೈರೋ ಬಳಿಯ ಹೆಲ್ವಾನ್‌ನಲ್ಲಿ ಈಜಿಪ್ಟಿನ ವಿಮಾನವನ್ನು ಮೊದಲ ಸಲ ಹಾರಿಸಿದವರು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಒಂದು ಮರುತ್ ಕೂಡ ಅಲ್ಲಿಗೆ ಹೋಯಿತು. ಒಂದು ಕಡೆ ಓರ್ಫಿಯಸ್, ಇನ್ನೊಂದು ಕಡೆ ಇ-300 ಹಾಕಿಕೊಂಡು 1967ರ ಮಾರ್ಚ್ 29ರಂದು ಹಾರಿತು.

ಎರಡೇ ತಿಂಗಳು. ಜೂನ್‌ನಲ್ಲಿ ಇಸ್ರೇಲ್ ಜೊತೆಗಿನ ಆರು ದಿನದ ಯುದ್ಧ ಬಂತು. ಸೋತ ಈಜಿಪ್ಟ್ ಹೆಚ್ಚುಹೆಚ್ಚಾಗಿ ಸೋವಿಯತ್ ವಿಮಾನಗಳನ್ನೇ ನಂಬಬೇಕಾಯಿತು, 1969ರಲ್ಲಿ ಹೆಲ್ವಾನ್ ಯೋಜನೆ ಮುಚ್ಚಿತು. ನಮ್ಮವರು ವಾಪಸ್ ಬಂದರು.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇದ್ದ ಓರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸಲು ಹೊರಟಿತು. 1970ರ ಜನವರಿ 10ರಂದು ಅಂಥ ಮರುತ್ ಒಂದು ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಬಿತ್ತು. ಅದರಲ್ಲಿದ್ದವರು ಸುರಂಜನ್ ದಾಸ್, ಮೊದಲು ಅದನ್ನು ಹಾರಿಸಿದ ಅವರೇ. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ತಿರುಗುವ ರಸ್ತೆಗೆ ಅವರ ಹೆಸರಿದೆ. ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಆ ಬೋರ್ಡು ಓದುವ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತೋ. ಗೊತ್ತಾಗಬೇಕು ಅನ್ನುವ ಆಸೆ ನನ್ನದು.

ಮರುತ್ ಸೋತ ವಿಮಾನವೇನಲ್ಲ. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ, ಸಿಂಧ್ ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರಿ ಹೊಡೆದವು. ಕೆಳಗಿನಿಂದ ಗುಂಡು ತಗುಲಿ ಒಂದು ಎಂಜಿನ್ ನಿಂತುಹೋದಾಗ ಉಳಿದ ಒಂದರಲ್ಲೇ ಕೆಲವು ಮರುತ್‌ಗಳು ನೆಲೆಗೆ ಮರಳಿದವು. ಶಕ್ತಿ ಸಾಲದೆಂದು ಬೈಸಿಕೊಂಡ ಎಂಜಿನ್‌ಗಳು ಪೈಲಟ್‌ಗಳನ್ನು ಮನೆಗೆ ತಲುಪಿಸಿದವು.

1990ರ ಹೊತ್ತಿಗೆ ಅವು ಸೇವೆಯಿಂದ ಹೊರಬಂದವು. ಒಂದು ಮರುತ್ ಎಚ್‌ಎಎಲ್ ಮ್ಯೂಸಿಯಂನಲ್ಲಿದೆ, ರಜೆಯ ದಿನ ಜಯನಗರದಿಂದ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಇನ್ನೊಂದು ಬಹಳ ದೂರದಲ್ಲಿದೆ, ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ವಿಮಾನ ಮ್ಯೂಸಿಯಂನಲ್ಲಿ. ಹೆಲ್ವಾನ್‌ನಲ್ಲಿ ಭಾರ್ಗವ ಹಾರಿಸಿದ ಎಚ್‌ಎ-300 ಕೂಡ ಅಲ್ಲಿಯೇ ಇದೆ. ಎರಡೂ ಮೊದಲ ಸಲ ನೆಲ ಬಿಟ್ಟಿದ್ದು ಬ್ರಿಸ್ಟಲ್‌ನ ಅದೇ ಓರ್ಫಿಯಸ್ ಬಲದಲ್ಲಿ.