ಸೈಟ್ ನೋಡಿದಿರಿ, ಬೀದಿ ನೋಡಿದಿರಾ?

ಮನೆ ಕೊಳ್ಳಲು ಹೊರಟವರ ಪ್ರಶ್ನೆಗಳು ಎಲ್ಲ ಊರಲ್ಲೂ ಒಂದೇ. ಪೂರ್ವಕ್ಕೆ ಬಾಗಿಲಾ? ಮೂವತ್ತು–ನಲವತ್ತಾ? ಖಾತೆ ಆಗಿದೆಯಾ? ಬ್ಯಾಂಕ್ ಸಾಲ ಸಿಗುತ್ತಾ? ಐದು ವರ್ಷಕ್ಕೆ ರೇಟು ಎಷ್ಟಾಗಬಹುದು? ‘ಈ ಬೀದಿಯಲ್ಲಿ ಸಂಜೆ ಮಕ್ಕಳು ಆಡುತ್ತಾರಾ?’ ಎಂದು ಬ್ರೋಕರ್‌ನನ್ನು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ನಮ್ಮ ಮನೆಯಲ್ಲಿ ಈಗ ಆ ಪ್ರಶ್ನೆ ಎದ್ದಿದೆ. ಅಣ್ಣನಿಗೆ ನರಸಾಪುರದಲ್ಲಿ ಶಿಫ್ಟ್ ಕೆಲಸ, ನನಗೆ ಬೆಂಗಳೂರಿಗೆ ದಿನಾ ರೈಲು. ಅಪ್ಪ, ಅಮ್ಮ, ಅತ್ತಿಗೆಗೂ ಅವರವರ ಕೆಲಸಗಳಿವೆ. ಬಾಡಿಗೆ ಮನೆ ಸಾಕು, ಸ್ವಂತದ್ದೊಂದು ಕೊಳ್ಳೋಣ ಎಂದು ಭಾನುವಾರಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತುತ್ತಿದ್ದೇವೆ. ಲೆಕ್ಕ ಹಾಕಿದರೆ ಆ ಮನೆಯಲ್ಲಿ ಹಗಲು ಹೊತ್ತು ಇರುವವರು ಇಬ್ಬರೇ: ಎಪ್ಪತ್ತು ದಾಟಿದ ಅಜ್ಜಿ ಮತ್ತು ಮಧ್ಯಾಹ್ನ ಶಾಲೆಯಿಂದ ಬರುವ ಅಣ್ಣನ ಐದು ವರ್ಷದ ಮಗಳು. ದುಡಿಯುವ ನಾವು ರಾತ್ರಿ ಮಲಗಲು ಬರುವವರು. ಹಾಗಾದರೆ ಮನೆ ಯಾರಿಗೆ ಒಗ್ಗಬೇಕು?

ಬೆಂಗಳೂರು ಹತ್ತಿರವಾದಂತೆ ನಮ್ಮ ಕಡೆ ಲೇಔಟ್‌ಗಳು ಸಾಲುಸಾಲಾಗಿ ಎದ್ದಿವೆ. ಬಾಗಿಲಲ್ಲಿ ದೊಡ್ಡ ಕಮಾನು, ಒಳಗೆ ಅಗಲವಾದ ರಸ್ತೆ, ಅಳತೆಗೆ ನೆಟ್ಟ ಕಲ್ಲುಗಳು. ‘ಎಲ್ಲಾ ಸೇಲ್ ಆಗಿದೆ ಸಾರ್, ನಾಲ್ಕೇ ಉಳಿದಿರೋದು’ ಅನ್ನುತ್ತಾರೆ. ಸೇಲ್ ಆಗಿರುವುದು ನಿಜವೇ ಇರಬಹುದು. ಆದರೆ ಕೊಂಡವರಲ್ಲಿ ಅನೇಕರು ದುಡ್ಡು ಹಾಕಿ ಬೆಲೆ ಏರಲಿ ಎಂದು ಕಾಯುವವರು, ಮನೆ ಕಟ್ಟುವವರಲ್ಲ. ಹಾಗಾಗಿ ನಾವು ನೋಡಿದ ಎಷ್ಟೋ ಕಡೆ ಒಂದು ಬೀದಿಗೆ ಎರಡು ಮೂರು ಮನೆ, ಮಿಕ್ಕಿದ್ದೆಲ್ಲ ಪಾರ್ಥೇನಿಯಂ ಮತ್ತು ಸೀಮೆಜಾಲಿ. ಬೀದಿದೀಪದ ಕಂಬವಿದೆ, ದೀಪವಿಲ್ಲ. ಅಂಥ ಒಂದು ಬೀದಿಯಲ್ಲಿ ನಿಂತು ಅಜ್ಜಿ ಕೇಳಿದ್ದು ಒಂದೇ ಮಾತು: ‘ಇಲ್ಲಿ ಕರೆದ್ರೆ ಯಾರಪ್ಪ ಓ ಅಂತಾರೆ?’

ಅಂದಿನಿಂದ ನಾನು ಎಷ್ಟು ಸೈಟ್ ಮಾರಾಟವಾಗಿದೆ ಎಂದು ಕೇಳುವುದನ್ನು ಬಿಟ್ಟು, ಸಂಜೆ ಏಳಕ್ಕೆ ಎಷ್ಟು ಮನೆಯಲ್ಲಿ ದೀಪ ಉರಿಯುತ್ತದೆ ಎಂದು ಎಣಿಸುತ್ತೇನೆ.

ಹಳೇ ಊರಿನ ಬೀದಿಗಳದ್ದು ಬೇರೆಯೇ ಲೆಕ್ಕ. ಮುಳಬಾಗಿಲಿನಲ್ಲೋ ಕೋಲಾರದ ಕೋಟೆ ಕಡೆಯೋ ಒಳಬೀದಿಗೆ ಹೋದರೆ ರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗವಿಲ್ಲ. ಆದರೆ ತಿಣ್ಣೆಯ ಮೇಲೆ ಯಾರೋ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿರುತ್ತಾರೆ. ಹೊಸಬರು ಕಂಡರೆ ‘ಯಾರ ಮನೆಗಮ್ಮ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು. ಆಟ ಆಡುತ್ತಲೇ ಮಗುವಿಗೆ ಮೂರು ಭಾಷೆ. ಇದು ಇಣುಕಿ ನೋಡುವ ಕೆಟ್ಟ ಚಾಳಿ ಎಂದು ನನ್ನ ವಯಸ್ಸಿನವರಿಗೆ ಸಿಟ್ಟು ಬರುವುದುಂಟು. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ ನಗರಗಳ ಬಗ್ಗೆ 1961ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿನ ಜನರ ಕಣ್ಣುಗಳು ಎನ್ನುವುದು ಆಕೆಯ ವಾದ. ನಮ್ಮ ತಿಣ್ಣೆ ಮೇಲಿನ ಅಜ್ಜಿಯರು ಸಂಬಳವಿಲ್ಲದೆ ಮಾಡುತ್ತಿರುವ ಕೆಲಸ ಅದೇ.

ಇನ್ನು ಅಪ್ಪನ ವಾದ: ‘ಮೈನ್ ರೋಡಲ್ಲಿ ತಗೊಂಡ್ರೆ ನಾಳೆ ಒಂದು ಅಂಗಡಿ ಹಾಕಬಹುದು, ಬೆಲೆನೂ ಇರುತ್ತೆ.’ ಬೆಲೆಯ ಮಾತು ಸುಳ್ಳಲ್ಲ. ಆದರೆ ಡೊನಾಲ್ಡ್ ಆ್ಯಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಒಂದೇ ಬಗೆಯ ಮೂರು ಬೀದಿಗಳನ್ನು ಹೋಲಿಸಿದ್ದ. ವಾಹನ ಕಡಿಮೆ ಇದ್ದ ಬೀದಿಯವರಿಗೆ ಅಲ್ಲಿಯೇ ಸರಾಸರಿ ಮೂವರು ಸ್ನೇಹಿತರಿದ್ದರು. ವಾಹನ ಹೆಚ್ಚಿದ್ದ ಬೀದಿಯವರಿಗೆ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಎದುರು ಮನೆಗೆ ದಾಟಿ ಹೋಗಲು ಭಯವಾದರೆ ಎದುರು ಮನೆಯವರು ಪರಿಚಯವಾಗುವುದು ಹೇಗೆ?

ನಮ್ಮ ನಾಲ್ಕು ಊರುಗಳಲ್ಲಿ ವಾಹನದ ಕಾಟಕ್ಕೂ ಒಂದೊಂದು ಸ್ವಭಾವವಿದೆ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಲಾರಿಗಳು. ಕೋಲಾರದಲ್ಲಿ ಎಪಿಎಂಸಿಗೆ ಬರುವ ಟೊಮೆಟೊ ಗಾಡಿಗಳು. ಸ್ಕೂಟರಿನಿಂದ ಐಫೋನ್‌ವರೆಗೆ ತಯಾರಿಸುವ ನರಸಾಪುರದ ಕಡೆ ಶಿಫ್ಟ್ ಬಿಡುವ ಹೊತ್ತಿಗೆ ಸಾಲು ಬಸ್ಸು. ಮುಳಬಾಗಿಲಿಗೆ 75ನೇ ರಾಷ್ಟ್ರೀಯ ಹೆದ್ದಾರಿ. ಶ್ರೀನಿವಾಸಪುರದಲ್ಲಿ ಜನವರಿಯಲ್ಲಿ ಮೌನವಾಗಿರುವ ರಸ್ತೆ ಮಾವಿನ ಕಾಲ ಬಂದರೆ ಟ್ರ್ಯಾಕ್ಟರ್, ಲಾರಿಗಳಿಂದ ಗಿಜಿಗುಡುತ್ತದೆ. ಈ ಗಾಡಿಗಳೇ ನಮ್ಮ ಜಿಲ್ಲೆಯ ಅನ್ನ, ಅವನ್ನು ಬೈಯುವಂತಿಲ್ಲ. ಆದರೆ ಐದು ವರ್ಷದ ಮಗು ಅವು ಓಡಾಡುವ ದಾರಿಯಲ್ಲಿ ಆಡಬಾರದು. ಹಾಗಾಗಿ ಮುಖ್ಯರಸ್ತೆಗೆ ಐದು ನಿಮಿಷದ ನಡಿಗೆ ಇರುವ, ಆದರೆ ಎಲ್ಲಿಗೂ ಅಡ್ಡದಾರಿಯಾಗದ ಒಳಬೀದಿಯೇ ನಮಗೆ ಹೊಂದುವುದು. ಆಚೆ ತುದಿ ಮುಚ್ಚಿದ್ದರೆ ಇನ್ನೂ ಒಳ್ಳೆಯದು.

ನೀರನ್ನು ಕೇಳದೆ ಕೋಲಾರ ಜಿಲ್ಲೆಯಲ್ಲಿ ಮನೆ ಕೊಳ್ಳುವ ಮಾತಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು, ನೇರ ಕುಡಿಯಲಿಕ್ಕಲ್ಲ. ಆದ್ದರಿಂದ ಮನೆ ಮಾರುವವರನ್ನು ಕೇಳುವ ಬದಲು ಪಕ್ಕದ ಮನೆಯವರನ್ನು ಕೇಳಿ: ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು? ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಬೇಕಾ? ಕುಡಿಯುವ ನೀರಿನ ಘಟಕ ಎಷ್ಟು ದೂರ? ಅವರು ಉತ್ತರಿಸುವ ರೀತಿಯಲ್ಲೇ ಆ ಬೀದಿಯ ಗುಣ ತಿಳಿಯುತ್ತದೆ. ಒಂದು ಕಡೆ ಒಬ್ಬ ಅಮ್ಮ ನೀರಿನ ಕಥೆ ಹೇಳುತ್ತಾ ಅಜ್ಜಿಗೆ ಕುರ್ಚಿ ತಂದುಕೊಟ್ಟರು. ಇನ್ನೊಂದು ಕಡೆ ಗೇಟಿನ ಒಳಗಿನಿಂದಲೇ ‘ಗೊತ್ತಿಲ್ಲ’ ಎಂಬ ಉತ್ತರ ಬಂತು.

ಕಾಗದಪತ್ರವೂ ಬೀದಿಯ ವಿಷಯವೇ. ಭೂಪರಿವರ್ತನೆ, ಇ–ಖಾತೆ, ಇಸಿ ನೋಡುವಾಗ ಅನುಮೋದಿತ ಬಡಾವಣೆ ನಕ್ಷೆಯನ್ನೂ ಕೈಯಲ್ಲಿ ಹಿಡಿದು ಒಂದು ಸುತ್ತು ನಡೆಯಿರಿ. ನಕ್ಷೆಯಲ್ಲಿ ಪಾರ್ಕ್ ಎಂದಿರುವ ಕಡೆ ಪಾರ್ಕ್ ಇದೆಯೋ, ಇನ್ನೊಂದು ಸೈಟಿನ ಕಲ್ಲು ನೆಟ್ಟಿದೆಯೋ? ಉದ್ಯಾನ, ಆಟದ ಮೈದಾನಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. 2016ರ ರೇರಾ ಕಾಯ್ದೆ ಬಂದ ಮೇಲಂತೂ 500 ಚದರ ಮೀಟರ್ ಮೀರಿದ ಹೊಸ ಲೇಔಟ್ ನೋಂದಣಿ ಆಗಿರಲೇಬೇಕು. ರಾಜಕಾಲುವೆ ಎಲ್ಲಿ ಹಾದಿದೆ ಎಂಬುದನ್ನು ಮಳೆ ಬಂದ ಮರುದಿನ ಹೋಗಿ ನೋಡಿದರೆ ನಕ್ಷೆಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇಷ್ಟು ಸುತ್ತಾಡಿ ನಾನು ಕಂಡುಕೊಂಡ ಕ್ರಮ ಸರಳ. ಒಂದು ಮನೆ ಹಿಡಿಸಿದರೆ ಆ ಬೀದಿಗೆ ಮೂರು ಸಲ ಹೋಗಿ. ಶಾಲೆಯ ದಿನ ಬೆಳಿಗ್ಗೆ ಎಂಟಕ್ಕೆ, ಮಕ್ಕಳು ವ್ಯಾನ್ ಹತ್ತುವ ಹೊತ್ತಿಗೆ. ಸಂಜೆ ಆರಕ್ಕೆ, ಆಟದ ಹೊತ್ತಿಗೆ. ರಾತ್ರಿ ಒಂಬತ್ತೂವರೆಗೆ, ಕೊನೆಯ ಬಸ್ಸಿಳಿದ ಹೆಣ್ಣುಮಗಳೊಬ್ಬಳು ನಡೆದು ಬರುವ ಹೊತ್ತಿಗೆ. ಬ್ರೋಕರ್ ಜೊತೆ ಬೇಡ, ಮನೆಯ ಹಿರಿಯರೊಬ್ಬರ ಜೊತೆ ಹೋಗಿ. ಅಂಗಡಿ, ಔಷಧಿ, ದೇವಸ್ಥಾನಕ್ಕೆ ಅವರು ನಡೆದೇ ಹೋಗಬಲ್ಲರಾ ನೋಡಿ.

ಮನೆ ಸರಿ ಇಲ್ಲದಿದ್ದರೆ ಗೋಡೆ ಒಡೆದು ಕಟ್ಟಬಹುದು, ಬಾಗಿಲು ತಿರುಗಿಸಬಹುದು, ಬಣ್ಣ ಬಳಿಸಬಹುದು. ಬೀದಿಯನ್ನು ಯಾವ ಮೇಸ್ತ್ರಿಯೂ ರಿಪೇರಿ ಮಾಡಿಕೊಡಲಾರ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕಳೆದ ವಾರ ಒಂದು ಮೈನ್ ರೋಡ್ ಮನೆಗೆ ಅಡ್ವಾನ್ಸ್ ಕೊಡುವ ಮಾತು ಬಂದಾಗ ‘ಮೊದಲು ಸಂಜೆ ಹೊತ್ತಲ್ಲಿ ಒಂದು ಸಲ ನೋಡ್ಕೊಂಡು ಬರೋಣ’ ಎಂದದ್ದು ಅವರೇ.